ವೆಂಕಟಲಕ್ಷ್ಮಮ್ಮನವರ ಅರ್ಧ ಎಲೆ

ನಾಯಂಡಹಳ್ಳಿಯ ವೆಂಕಟಲಕ್ಷ್ಮಮ್ಮನವರು ಎಲೆಅಡಿಕೆ ಹಾಕಿಕೊಳ್ಳುವುದಕ್ಕೆ ಒಂದು ಕ್ರಮವಿದೆ. ಸೊಂಟದ ಸಂಚಿ ಬಿಚ್ಚುತ್ತಾರೆ, ಎಲೆಯನ್ನು ಸೆರಗಿಗೆ ಒರೆಸುತ್ತಾರೆ, ತೊಟ್ಟು ಮುರಿದು ಸುಣ್ಣ ಸವರಿ, ಇಡೀ ಎಲೆಯನ್ನೇ ಮಡಿಸಿ ದವಡೆಗೆ ಇಟ್ಟುಕೊಳ್ಳುತ್ತಾರೆ. ಎಲೆ ಅಂಗೈಯಗಲ ಇದ್ದರೂ ಹರಿಯುವುದಿಲ್ಲ. ಮೊದಲ ಸಲ ಅವರ ಮನೆಗೆ ಹೋದಾಗ ನಾನು "ಅಷ್ಟು ದೊಡ್ಡದು ಬೇಡ ಅಜ್ಜಿ, ಅರ್ಧ ಸಾಕು" ಎಂದೆ. "ಎಲೆ ಹರೀಬಾರ್ದು ಕಣವ್ವ" ಎಂದು ಇಡೀದನ್ನೇ ಕೈಗಿಟ್ಟರು. ಹಳೇ ಕಾಲದವರ ಯಾವುದೋ ಶಾಸ್ತ್ರವಿರಬೇಕು ಎಂದುಕೊಂಡು ಸುಮ್ಮನಾದೆ.

ನಾನು ವಕೀಲೆ. ವಿಜಯನಗರದಲ್ಲಿ ಬಳೆ ಅಂಗಡಿಯೊಂದರ ಮೇಲೆ ನನ್ನ ಆಫೀಸು. ಇಪ್ಪತ್ಮೂರು ವರ್ಷದಿಂದ ಗಂಡಹೆಂಡಿರ ವ್ಯಾಜ್ಯಗಳನ್ನೇ ನೋಡುತ್ತಿದ್ದೇನೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವವರು ನನ್ನ ಆಫೀಸಿನ ಬೆಂಚಿನ ಮೇಲೆ ಒಂದು ಬೆಳಗ್ಗೆ ಕೂತು ನೋಡಬೇಕು. ಹಾಗಿದ್ದೂ ನಾನು ಬರೆಯಲು ಹೊರಟಿರುವುದು ನನ್ನ ಕಕ್ಷಿದಾರರ ಬಗ್ಗೆ ಅಲ್ಲ, ಒಬ್ಬ ಸಾಕ್ಷಿಯ ಬಗ್ಗೆ.

ವೆಂಕಟಲಕ್ಷ್ಮಮ್ಮನವರಿಗೆ ಈಗ ಎಪ್ಪತ್ತೈದು. ಅವರು ರಾಗಿ ಬೆಳೆದ ಹೊಲದ ಮೇಲೆ ಇಂದು ಗೋಡೌನುಗಳಿವೆ. ಉಳಿದ ಜಾಗದಲ್ಲಿ ಮೂರು ಅಂತಸ್ತಿನ ಮನೆ ಎದ್ದಿದೆ. ಎರಡು ಅಂತಸ್ತು ಬಾಡಿಗೆಗೆ ಹೋಗಿದೆ. ನೆಲಮಟ್ಟದಲ್ಲಿ ಮಗ ಅರುಣ್ ಕುಮಾರನ ಕಾರು, ಅದರ ಪಕ್ಕದಲ್ಲಿ ಒಂದು ಹಸು. ಕಾರಿಗೆ ಸಗಣಿ ಸಿಡಿಯಿತೆಂದು ಮಗ ಕೂಗಾಡಿದರೆ "ನಿನ್ ಕಾರು ಹಾಲ್ ಕೊಡ್ತದೇನ್ಲಾ?" ಎಂದು ಕೇಳುತ್ತಾರೆ. ಗಂಡ ಮುನಿಯಪ್ಪನವರು ಊರು ಊರಾಗಿದ್ದಾಗಿನಿಂದಲೂ ಯಜಮಾನರು. ಅವರ ಜನಾಂಗದ ಏಳು ಹಳ್ಳಿಗಳಲ್ಲಿ ಪಾಲು, ಜಗಳ, ಸಂಬಂಧ ಏನೇ ಇದ್ದರೂ ಜನ ಅವರ ಜಗಲಿಗೆ ಬರುತ್ತಿದ್ದರು. ಏಳು ಹಳ್ಳಿಗಳೂ ಬಡಾವಣೆಗಳಾದ ಮೇಲೂ ಕೆಲವರು ಬರುತ್ತಾರೆ, ಈಗ ಸ್ಕೂಟರಿನಲ್ಲಿ.

ನೆಂಟರಿಗೆಲ್ಲ ಈ ಅಜ್ಜಿ ಮದುವೆ ಮನೆಯ ಒಲೆಯ ಹತ್ತಿರದವರೆಂದೇ ಗೊತ್ತು. ಅಡುಗೆಯನ್ನು ಕ್ಯಾಟರಿಂಗಿನವರಿಗೆ ಒಪ್ಪಿಸಿದ ಮೇಲೂ ಹೋಗಿ ಅಲ್ಲೇ ಒಂದು ಮಣೆ ಹಾಕಿಕೊಂಡು ಕೂರುತ್ತಾರೆ. ಧಾರೆಯ ಹೊತ್ತಿಗೆ ಕರೆದರೆ "ಸಾರು ಉಕ್ಕುತ್ತೆ, ನೀವು ಓಗಿ" ಎನ್ನುತ್ತಾರೆ. ಮಗನ ಮದುವೆಯಲ್ಲೂ ಕಳಸ ಹಿಡಿದಿದ್ದು, ಆರತಿ ಎತ್ತಿದ್ದು ವಾರಗಿತ್ತಿ. ಎಂಥ ದುಡಿಯುವ ಜೀವ ಎಂದು ಎಲ್ಲರೂ ಹೊಗಳುತ್ತಿದ್ದರು.

ಅವರನ್ನು ನಾನು ಕಂಡದ್ದು ರಮ್ಯಳ ಕೇಸಿನಿಂದ. ರಮ್ಯ ಅವರ ದಾಯಾದಿ ಮನೆಯ ಹುಡುಗಿ, ಮೂವತ್ತಾರು ವರ್ಷ, ಆರ್‌ಪಿಸಿ ಲೇಔಟಿನ ಮೆಡಿಕಲ್ ಸ್ಟೋರಿನಲ್ಲಿ ಕೆಲಸ. ಎರಡು ವರ್ಷದ ಹಿಂದೆ ಒಂದು ದಿನ ಅಮರೇಶ ಎಂಬವನ ಜೊತೆ ನನ್ನ ಆಫೀಸಿಗೆ ಬಂದಳು. ಅಮರೇಶ ಲಿಂಗಸುಗೂರು ಕಡೆಯವನು, ಇಲ್ಲಿ ನೀರಿನ ಫಿಲ್ಟರ್ ರಿಪೇರಿ ಮಾಡುತ್ತಾನೆ. ತಾಯಿಯ ಶುಗರ್ ಮಾತ್ರೆಗೆಂದು ಆ ಅಂಗಡಿಗೆ ಹೋಗಿ ಹೋಗಿ ಪರಿಚಯವಾದದ್ದು. ಇಬ್ಬರೂ ಮದುವೆ ರಿಜಿಸ್ಟರ್ ಮಾಡಿಸಲು ಹೋಗಿದ್ದರು. ರಮ್ಯಳಿಗೆ ಹಿಂದೆ ಒಂದು ಮದುವೆಯಾಗಿ ಬಿಟ್ಟುಹೋಗಿತ್ತಾದ್ದರಿಂದ ಅದರ ದಾಖಲೆ ಕೇಳಿದರು. ಇವಳು ಕೊಟ್ಟ ಕಾಗದವನ್ನು ಅಲ್ಲಿನವರು ತಿರುಗಿಸಿ ನೋಡಿ ವಾಪಸು ಕೊಟ್ಟರು.

ಆ ಕಾಗದ ನನ್ನ ಮೇಜಿನ ಮೇಲೆ ಬಂತು. ಬಾಂಡ್ ಪೇಪರ್. ೨೦೧೧ರಲ್ಲಿ ಬರೆದದ್ದು. "ಪರಸ್ಪರ ಒಪ್ಪಿ ಬೇರೆಯಾಗಿರುತ್ತೇವೆ, ಇನ್ನು ಮುಂದೆ ಒಬ್ಬರಿಗೊಬ್ಬರು ಸಂಬಂಧವಿರುವುದಿಲ್ಲ" ಎಂದು ನಾಲ್ಕು ಸಾಲು, ರಮ್ಯ ಮತ್ತು ಅವಳ ಗಂಡ ಮಧುಕುಮಾರನ ಸಹಿ, ನೋಟರಿ ಸೀಲು. ಹಾಳಾಗಬಾರದೆಂದು ಲ್ಯಾಮಿನೇಷನ್ ಬೇರೆ ಮಾಡಿಸಿದ್ದಳು.

ಇಂಥ ಕಾಗದ ಕಂಡರೆ ನನಗೆ ಮೈ ಉರಿಯುತ್ತದೆ. ಬಾಂಡ್ ಪೇಪರಿನ ಮೇಲೆ ಬರೆದದ್ದೆಲ್ಲ ಕಾನೂನು ಎಂದು ನಮ್ಮ ಈ ಕಡೆಯ ಜನ ನಂಬಿಬಿಟ್ಟಿದ್ದಾರೆ. ಮನೆ ಬಾಡಿಗೆಗೆ ಬರೆದುಕೊಂಡ ಹಾಗೇ ಮದುವೆಯನ್ನೂ ಬಿಡಿಸಿಕೊಂಡು ಹೋಗುತ್ತಾರೆ.

"ಇದ್ರಲ್ಲಿ ಸೀಲ್ ಇದೆಯಲ್ಲ ಮೇಡಂ?" ಎಂದಳು ರಮ್ಯ.

"ಸೀಲ್ ಇದೆಯಮ್ಮ. ಡೈವೋರ್ಸ್ ಇಲ್ಲ."

"ಹಾಗಾದ್ರೆ ಇಷ್ಟು ವರ್ಷವೂ ನಾನು ಅವನ ಹೆಂಡ್ತೀನೇನಾ?"

ಅಮರೇಶ ನಡುವೆ ಬಾಯಿ ಹಾಕಿದ. "ನನಗೇನು ಕಾಗದ ಬ್ಯಾಡ್ರೀ ಮೇಡಂ. ಗುಡ್ಯಾಗ ತಾಳಿ ಕಟ್ತೀನಿ, ಮುಗೀತು."

"ನಂಗೆ ಬೇಕು" ಎಂದಳು ರಮ್ಯ. "ನಾಳೆ ನಿಮ್ಗೇನಾದ್ರೂ ಆಗಿ ಆಸ್ಪತ್ರೇಲಿ ನೀನ್ಯಾರು ಅಂತ ಕೇಳಿದ್ರೆ ಏನ್ ಹೇಳ್ಲಿ? ಒಂದ್ಸಲ ಮೋಸ ಹೋಗಿದೀನಿ. ಈ ಸಲ ಸರಿಯಾದ ಹೆಂಡ್ತಿ ಆಗ್ಬೇಕು."

ಮಧುಕುಮಾರನನ್ನು ಕರೆಸಿದೆ. ಸರ್ಕಾರಿ ಬಸ್ಸಿನ ಡ್ರೈವರು, ಖಾಕಿಯಲ್ಲೇ ಬಂದ. ಇಬ್ಬರೂ ಒಪ್ಪಿ ಕೋರ್ಟಿಗೆ ಅರ್ಜಿ ಹಾಕಿದರೆ ಡೈವೋರ್ಸ್ ಬೇಗ ಸಿಗುತ್ತದೆ ಎಂದೆ. ಅವನು ಬೆವರು ಒರೆಸಿಕೊಂಡ. ಅದೇ ಕಾಗದವನ್ನು ನಂಬಿ ಅವನೂ ಬಿಂದುಶ್ರೀ ಎಂಬವಳನ್ನು ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಇಬ್ಬರು ಮಕ್ಕಳು.

"ಈಗ ಡೈವೋರ್ಸ್ ತಗೊಂಡ್ರೆ ಇಷ್ಟು ದಿನ ಇಬ್ರು ಹೆಂಡ್ರಿದ್ರು ಅಂತ ನಾನೇ ಒಪ್ಕೊಂಡ ಹಾಗಲ್ವಾ ಮೇಡಂ? ಕೆಲ್ಸ ಹೋಗುತ್ತೆ. ಬಿಂದುಶ್ರೀ ಗತಿ ಏನು?"

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವನು ಒಪ್ಪದಿದ್ದರೂ ಕೇಸು ಹಾಕಬಹುದಿತ್ತು, ಆದರೆ ರಮ್ಯ ತಲೆಯಾಡಿಸಿಬಿಟ್ಟಳು. "ಬೇಡ ಮೇಡಂ. ಆ ಹೆಂಗಸು ನಂಗೇನ್ ಮಾಡಿದಾಳೆ?"

ಹೀಗೆ ಎಲ್ಲ ದಾರಿಯೂ ಮುಚ್ಚಿತ್ತು. ಸುಮ್ಮನೆ ಮಾತಿಗೆ ಎಂಬಂತೆ ಕೇಳಿದೆ: "ಈ ಕಾಗದ ಬರೆಸೋಕೆ ಮುಂಚೆ ಹಿರಿಯರ ಮುಂದೆ ಏನಾದ್ರೂ ಆಗಿತ್ತಾ?"

"ಮುನಿಯಪ್ಪ ತಾತ ಎಲೆ ಹರಿಸಿದ್ರು" ಎಂದರು ಇಬ್ಬರೂ ಒಟ್ಟಿಗೆ.

ನಾನು ಕುರ್ಚಿಯಿಂದ ಎದ್ದೇ ನಿಂತೆ. ಅವರ ಜನಾಂಗದಲ್ಲಿ ಗಂಡ ಹೆಂಡತಿ ಬೇರೆಯಾಗುವಾಗ ಹಿರಿಯರ ಮುಂದೆ ಒಂದು ವೀಳ್ಯದೆಲೆಯ ಎರಡು ಅಂಚು ಹಿಡಿದು ಎಳೆಯುತ್ತಾರಂತೆ. ಹರಿದ ಮೇಲೆ ಅರ್ಧ ಅವನಿಗೆ, ಅರ್ಧ ಅವಳಿಗೆ. ಯಜಮಾನ ಮೂರು ಸಲ "ಬಿಟ್ಟಿತು" ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಈ ಕಾಲದ ಹುಡುಗರು ಎಲೆ ಸಾಲದೆಂದು ಬಾಂಡ್ ಪೇಪರ್ ಬರೆಸಿದ್ದರು. ಟೈಪಿಸ್ಟು ಎಲೆಯ ವಿಷಯ ಬರೆಯಲಿಲ್ಲ, ಇವರು ಹೇಳಲೂ ಇಲ್ಲ. ಆದರೆ ಕಾನೂನಿನ ಲೆಕ್ಕ ತಿರುಗುಮುರುಗಾಗಿದೆ. ಒಂದು ಜನಾಂಗದಲ್ಲಿ ಹಿಂದಿನಿಂದ ನಡೆದುಬಂದ ಬಿಡುಗಡೆಯ ಪದ್ಧತಿ ಇದ್ದರೆ ಹಿಂದೂ ವಿವಾಹ ಕಾಯ್ದೆ ಅದನ್ನು ಒಪ್ಪುತ್ತದೆ. ಬಾಂಡ್ ಪೇಪರನ್ನು ಒಪ್ಪುವುದಿಲ್ಲ. ಪದ್ಧತಿಯನ್ನು ಕೋರ್ಟಿನಲ್ಲಿ ಸಾಬೀತು ಮಾಡಿದರೆ ರಮ್ಯ ೨೦೧೧ರಿಂದಲೇ ಸ್ವತಂತ್ರಳು, ಬಿಂದುಶ್ರೀಯೂ ನ್ಯಾಯವಾದ ಹೆಂಡತಿ. ಇವರು ಕೆಲಸಕ್ಕೆ ಬಾರದ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ, ಕೆಲಸಕ್ಕೆ ಬರುವ ಎಲೆಯನ್ನು ಮರೆತಿದ್ದರು.

ಫ್ಯಾಮಿಲಿ ಕೋರ್ಟಿನಲ್ಲಿ ದಾವೆ ಹಾಕಿದೆ. ಎಲೆ ಹರಿದದ್ದು ನಿಜ ಎಂದು ಮಧುಕುಮಾರ ಒಪ್ಪಿಕೊಂಡ. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿ, "ನೀವಿಬ್ಬರೂ ಒಪ್ಪಿಬಿಟ್ಟರೆ ಪದ್ಧತಿ ಹುಟ್ಟುವುದಿಲ್ಲ. ಹಿರಿಯರು ಬಂದು ಹೇಳಲಿ. ಹಿಂದೆ ಯಾರಿಗೆ ಹೀಗಾಗಿತ್ತು ಎಂದು ಹೆಸರು ಹಿಡಿದು ಹೇಳಲಿ" ಎಂದರು.

ಹಿರಿಯರೆಂದರೆ ಮುನಿಯಪ್ಪನವರು. ನಾಯಂಡಹಳ್ಳಿಯ ಮನೆಗೆ ಹೋದೆ. ಮುನಿಯಪ್ಪನವರು ಜಗಲಿಯ ಕುರ್ಚಿಯಲ್ಲಿ ಕೂತು, ಎಲೆ ಹೇಗೆ ಹಿಡಿಯಬೇಕು, ಯಾರು ಮೊದಲು ಎಳೆಯಬೇಕು ಎಲ್ಲವನ್ನೂ ಠೀವಿಯಿಂದ ವಿವರಿಸಿದರು. ವೆಂಕಟಲಕ್ಷ್ಮಮ್ಮ ಕಾಫಿ ತಂದಿಟ್ಟು ಒಳಗೆ ಹೋದರು.

"ಹಿಂದೆ ಯಾರ್ಯಾರಿಗೆ ಎಲೆ ಹರಿಸಿದ್ರು ಯಜಮಾನ್ರೇ? ಒಂದೆರಡು ಹೆಸ್ರು ಹೇಳಿ."

ಅವರು ಅಡುಗೆ ಮನೆಯ ಕಡೆ ನೋಡಿದರು. "ಬೇಕಾದಷ್ಟು ಜನಕ್ಕೆ. ಕೋರ್ಟಲ್ಲೇ ಹೇಳ್ತೀನಿ ಬುಡಿ."

ನಾನು ಒತ್ತಿ ಕೇಳಬೇಕಿತ್ತು. ಕೇಳದೆ, ಎಲೆ ಹರಿಯಬಾರದೆಂದು ಅಜ್ಜಿ ಅಂದದ್ದಕ್ಕೂ ಕಿವಿಗೊಡದೆ, ಎಲೆಅಡಿಕೆ ಹಾಕಿಕೊಂಡು ಎದ್ದು ಬಂದೆ. ಪದ್ಧತಿಯನ್ನು ವಿವರಿಸುವ ಪ್ರಮಾಣಪತ್ರಕ್ಕೆ ಅವರ ಸಹಿ ಮಾತ್ರ ತೆಗೆದುಕೊಂಡೆ. ನನ್ನ ಇಪ್ಪತ್ಮೂರು ವರ್ಷದ ಅನುಭವ ಅಂದು ಎಲ್ಲಿ ನಿದ್ದೆ ಹೋಗಿತ್ತೋ.

ತಾರೀಕು ಬರುವ ಹೊತ್ತಿಗೆ ಮುನಿಯಪ್ಪನವರ ಮೊಮ್ಮಗಳು ಕವನಾಳಿಗೆ ನಂದಿನಿ ಲೇಔಟಿನ ಒಂದು ದೊಡ್ಡ ಮನೆಯಿಂದ ಸಂಬಂಧ ಬಂದಿತ್ತು. ಅದು ನನಗೆ ಗೊತ್ತಿರಲಿಲ್ಲ. ಯಜಮಾನರು ಬಿಳಿ ಪಂಚೆ, ಜರಿ ಶಲ್ಯ ಹಾಕಿಕೊಂಡು ಸಾಕ್ಷಿ ಕಟಕಟೆ ಹತ್ತಿದರು. ನಿಮ್ಮ ಜನಾಂಗದಲ್ಲಿ ಈ ಪದ್ಧತಿ ಇದೆಯೇ ಎಂದು ಕೇಳಿದಾಗ ಗಂಟಲು ಸರಿಮಾಡಿಕೊಂಡು ಹೇಳಿದರು: "ಇಲ್ಲ ಸ್ವಾಮಿ. ನಾವು ಮರ್ಯಾದಸ್ಥರು. ನಮ್ಮಲ್ಲಿ ಹೆಣ್ಣುಮಕ್ಕಳು ಗಂಡನ್ನ ಬಿಡೋದು, ಇನ್ನೊಂದಾಗೋದು, ಅಂಥಾದ್ದೆಲ್ಲ ಇಲ್ಲ."

"ಈ ಪ್ರಮಾಣಪತ್ರದಲ್ಲಿ ಇದೆ ಎಂದು ಸಹಿ ಹಾಕಿದ್ದೀರಿ?" ಎಂದರು ನ್ಯಾಯಾಧೀಶರು.

"ಕನ್ನಡಕ ಹಾಕ್ಕೊಂಡಿರ್ಲಿಲ್ಲ ಸ್ವಾಮಿ. ಲಾಯರಮ್ಮ ಹಾಕಿ ಅಂದ್ರು, ಹಾಕ್ದೆ."

ನ್ಯಾಯಾಧೀಶರು ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ. ಹೊರಗೆ ಬಂದು ನಾನು ವಯಸ್ಸನ್ನೂ ನೋಡದೆ ಮುದುಕರ ಮೇಲೆ ಹರಿಹಾಯ್ದೆ. ಅವರು ನೆಲ ನೋಡುತ್ತಾ ಹೇಳಿದರು: "ನಮ್ ಮನೇಲೂ ಒಂದು ಹೆಣ್ ಮಗಾ ಮದ್ವೆಗೈತೆ ಕಣಮ್ಮ. ಬೀಗರಿಗೆ ಏನಂತ ಹೇಳ್ಲಿ?" ರಮ್ಯ ನನ್ನ ಕೈ ಹಿಡಿದು, "ಬಿಡಿ ಮೇಡಂ, ತಾತನ್ನ ಬೈಬೇಡಿ" ಎಂದಳು. ಅವಳಿಗೆ ಮಧ್ಯಾಹ್ನದ ಪಾಳಿ ಇತ್ತು. ಕಣ್ಣೊರೆಸಿಕೊಂಡು ಬಸ್ಸಿಗೆ ಓಡಿದಳು. ಗಂಡನ ಮಾತ್ರೆ ಡಬ್ಬಿ, ನೀರಿನ ಬಾಟಲಿ ಹಿಡಿದು ಬೆಂಚಿನ ಮೇಲೆ ಕೂತಿದ್ದ ವೆಂಕಟಲಕ್ಷ್ಮಮ್ಮ ಇದೆಲ್ಲವನ್ನೂ ನೋಡಿದರು.

ಮಾರನೆ ದಿನ ಬೆಳಗ್ಗೆ ಆಫೀಸಿನ ಬೀಗ ತೆಗೆಯುವಾಗ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಮೆಟ್ರೋದಲ್ಲಿ ಒಬ್ಬರೇ ಬಂದಿದ್ದರು.

"ಲಾಯರಮ್ಮ, ಹೆಂಗಸ್ರು ಹೇಳಿದ್ರೂ ಕೋರ್ಟು ಕೇಳ್ತದಾ?"

"ಕೇಳುತ್ತೆ ಅಜ್ಜಿ. ಏನು ಹೇಳ್ಬೇಕು?"

"ನಂಗೂ ಎಲೆ ಹರಿಸಿದ್ರು."

ನೀರು ಕೊಟ್ಟು ಕೂರಿಸಿ ಕೇಳಿದೆ. ಹದಿನೈದಕ್ಕೆ ಮಾಗಡಿ ಕಡೆಯ ರಾಚಪ್ಪನಿಗೆ ಕೊಟ್ಟು ಮದುವೆ ಮಾಡಿದ್ದರು. ಮೂರು ವರ್ಷ ಬಾಳಿದರು. ಅವನು ಇನ್ನೊಬ್ಬಳನ್ನು ಕಟ್ಟಿಕೊಂಡು, ಇವರನ್ನು ಹೊಲದ ಗುಡಿಸಿಲಿನಲ್ಲಿ ಕಾವಲಿಗೆ ಬಿಟ್ಟ. ತವರಿನವರು ಬಂದು ಎಲೆ ಹರಿಸಿ ಕರೆತಂದರು. ಎರಡು ವರ್ಷದ ಮೇಲೆ ಮುನಿಯಪ್ಪನವರು ಮನಸಾರೆ ಒಪ್ಪಿ ಮಾಡಿಕೊಂಡರು. ಅಂಥ ಎರಡನೆಯ ಮದುವೆಗೆ ಅವರಲ್ಲಿ ಕೂಡಿಕೆ ಎಂದು ಹೆಸರು. ಮುನಿಯಪ್ಪನವರು ಯಜಮಾನರಾಗಿ ಮೇಲೆ ಬಂದ ಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ತಿಳಿದಿದ್ದ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡರು.

"ಮಗನಿಗೆ ಗೊತ್ತಾ ಅಜ್ಜಿ?"

"ಯಾರ್ಗೂ ಗೊತ್ತಿಲ್ಲ."

"ಹಾಗಾದ್ರೆ ಯೋಚನೆ ಮಾಡಿ. ಕೋರ್ಟಲ್ಲಿ ಒಂದ್ಸಲ ಹೇಳಿದ್ಮೇಲೆ ವಾಪಸ್ ತಗೊಳ್ಳೋಕಾಗಲ್ಲ."

"ಐವತ್ನಾಕು ವರ್ಷ ಯೋಚ್ನೆ ಮಾಡಿವ್ನಿ ಕಣವ್ವ" ಎಂದರು. "ರಮ್ಯಂಗೆ ಎಲೆ ಹರ್ಸಿದಾಗ ಆ ಎಲೆ ಕೊಟ್ಟಿದ್ದು ನನ್ ಸಂಚಿಯಿಂದ್ಲೇ. ಈಗ ಆ ಕೂಸು ಅಳ್ತಾ ಓಗಿದ್ನ ನೋಡಿದ್ ಮ್ಯಾಲೆ ನಂಗೆ ಮುದ್ದೆ ಇಳೀಲಿಲ್ಲ."

ಹೊಸ ಸಾಕ್ಷಿಗೆ ಅರ್ಜಿ ಹಾಕಿದೆ. ಅನುಮತಿ ಸಿಕ್ಕಿತು. ತಾರೀಕಿನ ಬೆಳಗ್ಗೆ ಅವರು ಗಂಡನಿಗೆ "ನಾನು ಹೇಳೋಳೇ" ಎಂದರಂತೆ. ಮುನಿಯಪ್ಪನವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಆದರೆ ಕಾರಿನಲ್ಲಿ ಬಂದು ಕೂತರು. ಕಾರು ಓಡಿಸಿದ ಅರುಣ್ ಕುಮಾರನಿಗೆ, ತಾಯಿ ರಮ್ಯಳ ಪರವಾಗಿ ಏನೋ ಒಂದು ಮಾತು ಹೇಳುತ್ತಾರೆ ಎಂದಷ್ಟೇ ಗೊತ್ತು.

ಕಟಕಟೆಯಲ್ಲಿ ಅವರ ತಲೆ ಮಾತ್ರ ಕಾಣುತ್ತಿತ್ತು. ಬರೆದುಕೊಳ್ಳುವವರು ಹೆಸರು ಕೇಳಿದರು, ಹೇಳಿದರು.

"ಗಂಡನ ಹೆಸರು?"

"ಯಾವ್ ಗಂಡಂದು?"

ಕೀಬೋರ್ಡಿನ ಸದ್ದು ನಿಂತಿತು. ನ್ಯಾಯಾಧೀಶರು ತಲೆ ಎತ್ತಿ, "ಎಷ್ಟು ಜನ?" ಎಂದರು.

"ಇಬ್ರು. ಮೊದಲ್ನೇವ್ನು ರಾಚಪ್ಪ. ಈಗ್ನೋರು ಅಲ್ಲಿ ಕುಂತವ್ರೆ, ಕೊನೇ ಬೆಂಚಲ್ಲಿ."

"ಅವರ ಹೆಸರು ಹೇಳಿ."

"ಗಂಡನ ಹೆಸ್ರು ಹೇಳಬಾರ್ದು ಸ್ವಾಮಿ."

"ಮೊದಲನೆಯವರದ್ದು ಹೇಳಿದಿರಲ್ಲ?"

"ಎಲೆ ಹರಿದ್ ಮ್ಯಾಲೆ ಅವ್ನು ನಂಗ್ಯಾರು ಸ್ವಾಮಿ? ಊರೋರ ಹಂಗೆ ಅವ್ನೂ ಒಬ್ಬ. ಎಲೆ ಹರಿದ್ರೆ ಹೆಸ್ರು ಹೇಳಬೌದು, ಹಂಗೇ ಐತೆ ನಮ್ಮಲ್ಲಿ."

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಯಾವ ವಕೀಲರಿಗೂ ಹೊಳೆಯುವಂಥದ್ದಲ್ಲ. ನ್ಯಾಯಾಧೀಶರು ಆ ಮಾತನ್ನು ಅಕ್ಷರಶಃ ಬರೆಸಿದರು. ಆಮೇಲೆ ಅವರೇ ಒಂದೊಂದಾಗಿ ಕೇಳುತ್ತಾ ಹೋದರು. ಯಾವ ವರ್ಷ, ಯಾರ ಜಗಲಿ, ಯಾವ ಹಿರಿಯರು. ವರ್ಷ ಗೊತ್ತಿಲ್ಲ, ತನಗೆ ಹದಿನೆಂಟು, ತವರಿನ ಪಕ್ಕದ ಮನೆಯ ಬೋರಮ್ಮನಿಗೂ ಅದೇ ಸುಗ್ಗಿಯಲ್ಲಿ ಎಲೆ ಹರಿಸಿದ್ದರು ಎಂದರು. ಹಿರಿಯರ ಹೆಸರುಗಳನ್ನು ತಡವರಿಸದೆ ಹೇಳಿದರು.

"ನಿಮ್ಮ ಅರ್ಧ ಎಲೆ ಏನು ಮಾಡಿದಿರಿ?"

"ಹಸುಗೆ ಹಾಕ್ದೆ. ಇಟ್ಕೊಂಡು ಪೂಜೆ ಮಾಡ್ಲಾ?"

ಕೋರ್ಟಿನಲ್ಲಿ ನಗೆ ಎದ್ದಿತು. ನ್ಯಾಯಾಧೀಶರೂ ನಕ್ಕರು. ನಗು ಅಡಗಿದ ಮೇಲೆ, ಮತ್ತೆ ಮದುವೆಯಾದ ಹೆಂಗಸನ್ನು ನಿಮ್ಮ ಜನ ಹೇಗೆ ಕಾಣುತ್ತಾರೆ ಎಂದು ಕೇಳಿದರು.

"ಹೆಂಡ್ತಿ ಅಂತ್ಲೇ ಕಾಣ್ತಾರೆ, ಮಕ್ಳಿಗೆ ಪಾಲೂ ಐತೆ. ಆದ್ರೆ ಕೂಡಿಕೆ ಆದೋಳು ಶುಭಕಾರ್ಯದಲ್ಲಿ ಮುಂದಕ್ ಬರಂಗಿಲ್ಲ. ಕಳಸ ಮುಟ್ಟಂಗಿಲ್ಲ. ನನ್ ಮಗನ್ ಮದ್ವೇಲೂ ನಾನು ಒಲೆ ಮುಂದೇನೇ ಇದ್ದೆ ಸ್ವಾಮಿ."

ಬಾಗಿಲ ಹತ್ತಿರ ನಿಂತಿದ್ದ ಅರುಣ್ ಕುಮಾರ ಕಾರಿನ ಕೀ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟ. ಅವನ ಕಣ್ಣು ತುಂಬಿತ್ತು.

ಮುನಿಯಪ್ಪನವರನ್ನು ಮತ್ತೆ ಕಟಕಟೆಗೆ ಕರೆದರು. ನಿಮ್ಮ ಹೆಂಡತಿ ಹೇಳಿದ್ದು ನಿಜವೇ ಎಂದು ಕೇಳಿದರು. ಮುದುಕರು ಶಲ್ಯದ ಅಂಚು ಹಿಡಿದುಕೊಂಡರು.

"ಅವ್ಳು ಸುಳ್ಳು ಹೇಳೋಳಲ್ಲ ಸ್ವಾಮಿ. ಸುಳ್ಳು ಹೇಳಿದ್ದು ನಾನು" ಎಂದರು.

ಹೇಳುವುದು ಹೇಳಿದರೂ ಸಿಟ್ಟು ಹೋಗಲಿಲ್ಲ. ಹದಿನೈದು ದಿನ ಹೆಂಡತಿಯ ಕೈ ಊಟ ಬಿಟ್ಟು ದರ್ಶಿನಿಯಲ್ಲಿ ಇಡ್ಲಿ ತಿಂದರಂತೆ. ಹದಿನಾರನೇ ದಿನ ಹುರುಳಿಕಾಳು ಸಾರಿನ ವಾಸನೆಗೆ ಎದ್ದು ಬಂದು ತಟ್ಟೆ ಮುಂದೆ ಕೂತರು. ಕವನಾಳ ಸಂಬಂಧ ಮುರಿಯಿತು. ಆದರೆ ಅದು ಅಜ್ಜಿಯ ವಿಷಯಕ್ಕಲ್ಲ, ಹುಡುಗನ ಕಡೆಯವರು ಕಾರು ಕೇಳಿದ್ದಕ್ಕೆ. "ಹೋದ್ರೆ ಹೋಗ್ಲಿ ಬಿಡಜ್ಜಿ" ಎಂದಳಂತೆ ಅವಳು.

ಮೂರು ತಿಂಗಳಲ್ಲಿ ತೀರ್ಪು ರಮ್ಯಳ ಕಡೆಗೆ ಬಂತು. ಅವಳ ಹಳೆಯ ಮದುವೆ ೨೦೧೧ರಲ್ಲೇ, ಎಲೆ ಹರಿದ ದಿನವೇ ಮುಗಿದಿತ್ತು ಎಂದು ಕೋರ್ಟು ಹೇಳಿತು. ಕಳೆದ ಶ್ರಾವಣದಲ್ಲಿ ಅವಳೂ ಅಮರೇಶನೂ ಮದುವೆ ರಿಜಿಸ್ಟರ್ ಮಾಡಿಸಿದರು. ಹೊರಡುವ ಮುಂಚೆ ಅವಳ ಮನೆಯಲ್ಲಿ ಒಂದು ಆರತಿ. ವೆಂಕಟಲಕ್ಷ್ಮಮ್ಮ ಎಂದಿನಂತೆ ಅಡುಗೆ ಮನೆಗೆ ನುಗ್ಗಿದ್ದರು. ರಮ್ಯ ಹೋಗಿ ಎಳೆದು ತಂದಳು.

"ಸಾರು ಉಕ್ಕುತ್ತೆ ಬುಡೇ."

"ಒಲೇನೇ ಹಚ್ಚಿಲ್ಲ ಅಜ್ಜಿ. ಊಟ ಹೋಟ್ಲಿಂದ ಬರ್ತಾ ಇದೆ" ಎಂದು ಕಳಸ ಕೈಗೆ ಕೊಟ್ಟಳು. ಅಜ್ಜಿ ಅದನ್ನು ಎರಡೂ ಕೈಯಲ್ಲಿ ಎದೆಗವಚಿ ಹಿಡಿದಾಗ ನೀರು ಸ್ವಲ್ಪ ಸೀರೆಯ ಮೇಲೆ ಚೆಲ್ಲಿತು.

ಸಬ್ ರಿಜಿಸ್ಟ್ರಾರ್ ಕಚೇರಿಯ ಕೆಲಸ ಮುಗಿಸಿಕೊಂಡು ಎಲ್ಲರೂ ನನ್ನ ಆಫೀಸಿಗೆ ಬಂದರು. ಅಜ್ಜಿ ನನ್ನ ಎದುರಿನ ಕುರ್ಚಿಯಲ್ಲಿ ಕೂತು, "ಆ ತೀರ್ಪಲ್ಲಿ ನನ್ ಹೆಸ್ರು ಐತಂತಲ್ಲ, ವಸಿ ಓದವ್ವ" ಎಂದರು.

ಪುಟ ಹುಡುಕಿ ಓದಿದೆ. "ವೆಂಕಟಲಕ್ಷ್ಮಮ್ಮ ಕೋಂ ಮುನಿಯಪ್ಪ. ಈ ಸಾಕ್ಷಿಯ ಮೊದಲ ವಿವಾಹವು ಜನಾಂಗದ ಪದ್ಧತಿಯಂತೆ ಬಿಡುಗಡೆಯಾಗಿದ್ದು, ಈಕೆಯು ಮುನಿಯಪ್ಪನವರ ಪತ್ನಿಯೆಂಬುದರಲ್ಲಿ ಸಂಶಯವಿಲ್ಲ."

"ಇನ್ನೊಂದ್ಸಲ ಓದು."

ಓದಿದೆ.

"ಕೂಡಿಕೆ ಅಂತ ಹಾಕಿಲ್ವಾ?"

"ಇಲ್ಲ ಅಜ್ಜಿ. ಪತ್ನಿ ಅಂತಲೇ ಇದೆ."

ಅಜ್ಜಿ ಸಂಚಿ ಬಿಚ್ಚಿದರು. ಎರಡೇ ಎಲೆ ಉಳಿದಿದ್ದವು. ಒಂದನ್ನು ಸೆರಗಿಗೆ ಒರೆಸಿ, ನಟ್ಟನಡುವೆ ಸರಕ್ಕನೆ ಹರಿದು ಅರ್ಧವನ್ನು ನನಗೆ ಕೊಟ್ಟರು. "ಅರ್ಧ ಸಾಕು ಅಂದಿದ್ದಲ್ಲ ನೀನು" ಎಂದರು.

ಪಕ್ಕದಲ್ಲಿ ಕೂತಿದ್ದ ಮುನಿಯಪ್ಪನವರು ಮೆಲ್ಲಗೆ ಕೈ ಚಾಚಿ, "ಉಳಿದ ಅರ್ಧ ನಂಗೆ ಕೊಡೇ" ಎಂದರು.

ಆ ಅರ್ಧವನ್ನು ವೆಂಕಟಲಕ್ಷ್ಮಮ್ಮ ತಮ್ಮ ಬಾಯಿಗೇ ಹಾಕಿಕೊಂಡರು. ಸಂಚಿಯಲ್ಲಿದ್ದ ಇನ್ನೊಂದು ಎಲೆ ತೆಗೆದು, ತೊಟ್ಟು ಮುರಿದು ಸುಣ್ಣ ಸವರಿ ಗಂಡನ ಕೈಗಿಟ್ಟರು.

"ನಿಮ್ಗೆ ಇಡೀದೇ ಇರ್ಲಿ" ಎಂದರು.